ನೊಂದವರಿಗೆ ನೊಂದವರು ಏನಾಗಬೇಕು?

ಮಾರ್ಚ್ 17 ಬಂತೆಂದರೆ ಪ್ರಪಂಚದ ದೊಡ್ಡ ದೊಡ್ಡ ಊರುಗಳು ಹಸಿರು ಬಳಿದುಕೊಳ್ಳುತ್ತವೆ. ಅದು ಐರ್ಲೆಂಡಿನ ಸಂತ ಪ್ಯಾಟ್ರಿಕ್‌ನ ಹಬ್ಬ. ಡಬ್ಲಿನ್ನಿನಲ್ಲಿ ಮೆರವಣಿಗೆ, ನ್ಯೂಯಾರ್ಕಿನಲ್ಲಿ ಮೆರವಣಿಗೆ. ಷಿಕಾಗೋದಲ್ಲಿ ನದಿಗೇ ಹಸಿರು ಬಣ್ಣ ಸುರಿಯುತ್ತಾರೆ. ಕುಡಿಯುವ ಬಿಯರಿಗೂ ಹಸಿರು. ಐರ್ಲೆಂಡಿನ ಪ್ರಧಾನಿ ವಾಷಿಂಗ್ಟನ್ನಿಗೆ ಹೋಗಿ ಅಮೆರಿಕದ ಅಧ್ಯಕ್ಷನ ಕೈಗೆ ಒಂದು ಬಟ್ಟಲು ಮೂರೆಲೆಯ ಸೊಪ್ಪು ಕೊಟ್ಟು ಫೋಟೋ ತೆಗೆಸಿಕೊಳ್ಳುವುದು ಹಳೆಯ ವಾಡಿಕೆ. ಅದೇ ಹೊತ್ತಿಗೆ ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ನಮ್ಮ ಜನ ಆಕಾಶ ನೋಡುತ್ತಿರುತ್ತಾರೆ. ಹೂಮಳೆ ಬಿದ್ದರೆ ಕಾಫಿ ಹೂ ಬಿಡುತ್ತೆ. ಹೂ ಬಿಟ್ಟರೆ ಮುಂದಿನ ಕುಯ್ಲಿಗೆ ಕೂಲಿ. ಆ ಸೊಪ್ಪಿನ ಬಟ್ಟಲಿಗೂ ಈ ಹೂವಿಗೂ ಎಲ್ಲಿಯ ಸಂಬಂಧ ಅಂತ ನೀವು ಕೇಳಬಹುದು.

ಸಂಬಂಧ ಇದೆ. ಆ ಸಂತ ಒಂದು ಕಾಲಕ್ಕೆ ಜೀತದಾಳಾಗಿದ್ದ.

ಕುಡಿದು ಕುಣಿಯುವವರು ಮರೆತ ಮಾತು ಇದು. ಐದನೇ ಶತಮಾನದ ಮಾತು. ಪ್ಯಾಟ್ರಿಕ್ ಹುಟ್ಟಿನಿಂದ ಐರ್ಲೆಂಡಿನವನೇ ಅಲ್ಲ. ಪಕ್ಕದ ಬ್ರಿಟನ್ನಿನ ಉಳ್ಳವರ ಮನೆಯ ಹುಡುಗ. ಹದಿನಾರರ ಆಸುಪಾಸಿನಲ್ಲಿ ದರೋಡೆಕಾರರು ಅವನನ್ನು ಹಿಡಿದು ಐರ್ಲೆಂಡಿಗೆ ಒಯ್ದರು. ಆರು ವರ್ಷ ಅವನು ಅಲ್ಲಿ ಒಡೆಯನ ಕುರಿ ಕಾದ. ಮಳೆಯಲ್ಲಿ, ಹಿಮದಲ್ಲಿ, ಕಾಡಿನಲ್ಲಿ ಕಾದ. ಆಮೇಲೆ ತಪ್ಪಿಸಿಕೊಂಡು ಊರು ಸೇರಿದ. ಪಾದ್ರಿಯಾಗಿ ತನ್ನನ್ನು ಆಳು ಮಾಡಿಕೊಂಡಿದ್ದ ನೆಲಕ್ಕೇ ವಾಪಸು ಹೋದ. ಹಾವುಗಳನ್ನು ಸಮುದ್ರಕ್ಕೆ ಅಟ್ಟಿದ, ಮೂರೆಲೆಯ ಸೊಪ್ಪು ಹಿಡಿದು ಧರ್ಮ ಬೋಧಿಸಿದ ಅನ್ನುವ ಕತೆಗಳೆಲ್ಲ ಶತಮಾನಗಳ ನಂತರ ಹುಟ್ಟಿಕೊಂಡವು. ಅವನೇ ಲ್ಯಾಟಿನ್ನಿನಲ್ಲಿ ಬರೆದು ಉಳಿದಿರುವುದು ಎರಡೇ ಬರಹ. ಒಂದು ಅವನ ಬದುಕಿನ ನಿವೇದನೆ. ಇನ್ನೊಂದು ಕೊರೊಟಿಕಸ್ ಎಂಬ ದಂಡನಾಯಕನ ಸೈನಿಕರಿಗೆ ಬರೆದ ಸಿಟ್ಟಿನ ಪತ್ರ. ಆ ಪತ್ರದ ಮಾತು ಮುಂದೆ ಬರುತ್ತದೆ. ಅದಕ್ಕಾಗಿಯೇ ಈ ಲೇಖನ.

ಆಳು ಅನ್ನುವ ಪದ ನಮ್ಮ ಗುಡ್ಡಗಳಿಗೆ ಹೊಸದಲ್ಲ. ಈಗಿನ ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ಅಂತ ಹೆಸರು. 19ನೇ ಶತಮಾನದಲ್ಲಿ ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರ್ ತೆಗೆದು ನೋಡಿ. ಮಲೆನಾಡಿನ ಹೊಲೆಯರಲ್ಲಿ ಎರಡು ಬಗೆಯ ಆಳುಗಳಿದ್ದರು ಅಂತ ಇದೆ. ಹುಟ್ಟಾಳು ಮತ್ತು ಮಣ್ಣಾಳು. ಹುಟ್ಟಾಳು ಒಡೆಯನ ಮನೆಗೆ ಹುಟ್ಟಿನಿಂದಲೇ ಕಟ್ಟುಬಿದ್ದವನು. ಮಣ್ಣಾಳು ಮಣ್ಣಿಗೆ ಅಂಟಿದವನು. ಜಮೀನು ಕೈ ಬದಲಾದರೆ ಮರ, ಬೇಲಿ, ಬಾವಿಯ ಜೊತೆಗೆ ಅವನೂ ಕೈ ಬದಲಾಗುತ್ತಿದ್ದ. ಪ್ಯಾಟ್ರಿಕ್ ಆಳಾಗಿದ್ದದ್ದು ಆರು ವರ್ಷ. ನಮ್ಮವರು ಎಷ್ಟು ತಲೆಮಾರು ಅಂತ ಲೆಕ್ಕ ಇಟ್ಟವರಿಲ್ಲ. ಲೆಕ್ಕ ಬರೆಯುವ ಕೈಗೂ ನಮಗೂ ಅಷ್ಟು ದೂರ ಇತ್ತು.

1840ರ ದಶಕದ ಹೊತ್ತಿಗೆ ಬಿಳಿ ದೊರೆಗಳು ಈ ಕಾಡು ಕಡಿಸಿ ಕಾಫಿ ಹಾಕಿಸತೊಡಗಿದರು. ಮಣ್ಣಾಳು ತೋಟದಾಳಾದ. ದೊರೆ ಹೋಗಿ ಸಾಹುಕಾರರು ಬಂದರು, ಲೈನುಮನೆ ಲೈನುಮನೆಯಾಗಿಯೇ ಉಳಿಯಿತು. 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಬಂತು. 1976ರಲ್ಲಿ ಜೀತಪದ್ಧತಿ ರದ್ದತಿ ಕಾಯ್ದೆ ಬಂತು. ಕಾಗದದ ಮೇಲೆ ಜೀತ ಸತ್ತಿತು. ನಮ್ಮಜ್ಜನಿಗೆ ಆ ಸಾವಿನ ಸುದ್ದಿ ಮುಟ್ಟಿದ್ದು ಎಷ್ಟೋ ಕುಯ್ಲು ಕಳೆದ ಮೇಲೆ. ನಮ್ಮ ಮನೆಯಲ್ಲಿ ಡಿಗ್ರಿ ಓದಿದ್ದು ನಾನೇ ಮೊದಲು. ಹಾಗಾಗಿ ಇಂಥ ಪುಸ್ತಕಗಳಲ್ಲಿ ನನ್ನ ಜನ ಯಾವ ಪುಟದಲ್ಲಿ, ಯಾವ ಹೆಸರಿನಲ್ಲಿ ಸಿಕ್ಕುತ್ತಾರೆ ಅಂತ ಹುಡುಕುವ ಕೆಲಸವೂ ನನ್ನ ಪಾಲಿಗೇ ಬಂದಿದೆ.

ನಮ್ಮ ಕಡೆ ಯಾರಾದರೂ ಹೊಸಬರ ಜೊತೆ ಕಾಣಿಸಿಕೊಂಡರೆ ಜನ ಮೊದಲು ಕೇಳುವುದು ಒಂದೇ ಮಾತು. "ಅವ್ರು ನಿಮಗೇನಾಗ್ಬೇಕು?" ಕೇಳುವುದು ಸಂಬಂಧ, ಹುಡುಕುವುದು ಜಾತಿ. ಆ ಪ್ರಶ್ನೆಯನ್ನೇ ಕಿತ್ತುಕೊಂಡು ನಾನು ಬೇರೆ ಕಡೆ ತಿರುಗಿಸುತ್ತಿದ್ದೇನೆ. ನೊಂದವರಿಗೆ ನೊಂದವರು ಏನಾಗಬೇಕು? ಕುರಿ ಕಾದ ಪ್ಯಾಟ್ರಿಕ್ ನಮ್ಮ ಮಣ್ಣಾಳಿಗೆ ಏನಾಗಬೇಕು? ಗಾಜಾದಲ್ಲಿ ಮನೆಯ ಅವಶೇಷದ ಕೆಳಗೆ ಮಗುವನ್ನು ಹುಡುಕುವ ತಾಯಿ ಡಬ್ಲಿನ್ನಿನವರಿಗೆ ಏನಾಗಬೇಕು? ನಮ್ಮ ಲೈನಿನ ಕೊನೇ ಮನೆಗೆ ಅಸ್ಸಾಮಿನಿಂದ ಬಂದಿರುವವರು ನಮಗೆ ಏನಾಗಬೇಕು?

ನೋವುಂಡವನಿಗೆ ಇನ್ನೊಬ್ಬರ ನೋವು ತಾನಾಗಿ ತಿಳಿಯುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಈ ನಂಬಿಕೆ ನಮ್ಮ ಭಾಷಣಗಳಲ್ಲಿದೆ, ಪದ್ಯಗಳಲ್ಲಿದೆ. ಅದು ನಿಜವೋ ಸುಳ್ಳೋ ಅಂತ ಒರೆಗೆ ಹಚ್ಚಲು ಐರ್ಲೆಂಡಿಗಿಂತ ಒಳ್ಳೆಯ ಕಲ್ಲು ಸಿಗಲಾರದು.

ಆ ದೇಶ ನಮಗೆ ತೀರಾ ಪರಕೀಯವೂ ಅಲ್ಲ. ಬೆಂಗಳೂರಿನ ದಂಡುಪ್ರದೇಶದಲ್ಲಿ ಐರಿಶ್ ಸಿಪಾಯಿಗಳು ಪ್ರಾರ್ಥಿಸುತ್ತಿದ್ದ ಸಂತ ಪ್ಯಾಟ್ರಿಕ್ ಚರ್ಚು ಇವತ್ತಿಗೂ ನಿಂತಿದೆ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಎಳೆಯ ಪುಟ್ಟಪ್ಪನವರಿಗೆ ಮೈಸೂರಿನಲ್ಲಿ ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದವರು ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಐರಿಶ್ ಕವಿ ಜೇಮ್ಸ್ ಕಸಿನ್ಸ್. ಸ್ವಂತ ಜನರ ನುಡಿ ಇಂಗ್ಲಿಷಿನ ಕಾಲಡಿ ಸಿಕ್ಕಿದ್ದನ್ನು ಕಂಡಿದ್ದ ಮನುಷ್ಯ ಆ ಮಾತು ಆಡಿದ. ಅದರಿಂದ ನಮಗೆ ಕುವೆಂಪು ಸಿಕ್ಕರು. ಕುವೆಂಪು ಅವರಿಂದ ಮಲೆನಾಡಿನ ಜೀತದಾಳು ನಾಯಿಗುತ್ತಿ ಕಾದಂಬರಿಯೊಳಕ್ಕೆ ಬಂದ. ಅಂಬೇಡ್ಕರ್ 1936ರ ಜಾತಿ ವಿನಾಶದ ಭಾಷಣದಲ್ಲಿ ಐರ್ಲೆಂಡಿನ ಉದಾಹರಣೆ ಕೊಟ್ಟಿದ್ದಾರೆ. ಸಮಾಜದ ಗಾಯವನ್ನು ಹಾಗೇ ಬಿಟ್ಟು ರಾಜಕೀಯದ ಬಟ್ಟೆ ಹೊದಿಸಿದರೆ ಏನಾಗುತ್ತದೆ ಅಂತ ತೋರಿಸಲು ಅದನ್ನು ತಂದರು. ನಮ್ಮ ಸಂವಿಧಾನದ ನಿರ್ದೇಶಕ ತತ್ವಗಳ ಕಲ್ಪನೆ ಬಂದದ್ದೂ 1937ರ ಐರಿಶ್ ಸಂವಿಧಾನದಿಂದ. ಪರಿಶಿಷ್ಟರನ್ನು ಸಾಮಾಜಿಕ ಅನ್ಯಾಯದಿಂದ ರಾಜ್ಯ ಕಾಪಾಡಬೇಕು ಅನ್ನುವ 46ನೇ ವಿಧಿ ಆ ಭಾಗದಲ್ಲೇ ಇದೆ.

ಈಗ ಒರೆಗೆ ಹಚ್ಚೋಣ.

1845ರಿಂದ ಏಳೆಂಟು ವರ್ಷ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಬಡವರ ಊಟವೇ ಆಲೂಗಡ್ಡೆ. ಸುಮಾರು ಹತ್ತು ಲಕ್ಷ ಜನ ಹಸಿವಿನಿಂದ, ರೋಗದಿಂದ ಸತ್ತರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟರು. ಜನ ಸಾಯುತ್ತಿರುವಾಗಲೇ ಅದೇ ನೆಲದ ಧಾನ್ಯ, ದನ, ಬೆಣ್ಣೆ ಇಂಗ್ಲೆಂಡಿಗೆ ರಫ್ತಾಗುತ್ತಿತ್ತು. ಗೇಣಿ ಕಟ್ಟದವರನ್ನು ಮನೆಯ ಮಾಡು ಕೀಳಿಸಿ ಹೊರಗೆ ಹಾಕಿದರು. 1847ರಲ್ಲಿ ಈ ಸುದ್ದಿ ಅಮೆರಿಕದ ಚಾಕ್ಟಾ ಎಂಬ ಮೂಲನಿವಾಸಿ ಜನಕ್ಕೆ ಮುಟ್ಟಿತು. ಅವರನ್ನು ಅವರ ನೆಲದಿಂದ ಸರ್ಕಾರ ಅಟ್ಟಿ ಹದಿನೈದು ವರ್ಷ ಆಗಿತ್ತಷ್ಟೆ. ದಾರಿಯಲ್ಲೇ ಸಾವಿರಾರು ಜನ ಸತ್ತಿದ್ದರು. ಆ ಜನ ಕೈಯಲ್ಲಿದ್ದ ಚಿಲ್ಲರೆ ಕೂಡಿಸಿ, ಕಣ್ಣಲ್ಲಿ ಕಾಣದ ಐರ್ಲೆಂಡಿಗೆ ಹಣ ಕಳಿಸಿದರು. 2020ರಲ್ಲಿ ಕೊರೋನಾ ಬಂದಾಗ ಅಮೆರಿಕದ ನವಾಹೋ, ಹೋಪಿ ಜನರಿಗೆ ಐರ್ಲೆಂಡಿನ ಸಾಮಾನ್ಯರು ಆ ಹಳೆಯ ಋಣ ನೆನೆದು ಹಣ ಕಳಿಸಿದರು. ಇಲ್ಲಿಗೆ ಕತೆ ನಿಲ್ಲಿಸಿದರೆ ನಮ್ಮ ನಂಬಿಕೆ ಗೆದ್ದಂತೆ.

ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಅದೇ ಬರಗಾಲದಿಂದ ಓಡಿಹೋದವರು ನ್ಯೂಯಾರ್ಕಿನ ಬಂದರಿನಲ್ಲಿ ಕೂಲಿಯಾದರು. 1863ರ ಜುಲೈನಲ್ಲಿ ಯುದ್ಧಕ್ಕೆ ಬಡವರನ್ನು ಒತ್ತಾಯದಿಂದ ಸೇರಿಸಿಕೊಳ್ಳುವ ಕಾನೂನು ಅಲ್ಲಿ ಜಾರಿಗೆ ಬಂತು. 300 ಡಾಲರ್ ಕಟ್ಟಿದವರಿಗೆ ವಿನಾಯಿತಿ. ಸಿಟ್ಟಿಗೆದ್ದ ಗುಂಪಿನಲ್ಲಿ ಐರಿಶ್ ಬಡವರೇ ಬಹಳ. ಅವರ ಸಿಟ್ಟು 300 ಡಾಲರ್ ಇದ್ದವರ ಮೇಲೆ ತಿರುಗಿ ಅಲ್ಲೇ ನಿಲ್ಲಲಿಲ್ಲ. ಕರಿಯರನ್ನು ಬೀದಿಯಲ್ಲಿ ಅಟ್ಟಿ ಹೊಡೆದರು, ನೇಣು ಹಾಕಿದರು. ಕರಿಯ ಅನಾಥ ಮಕ್ಕಳ ಆಶ್ರಮಕ್ಕೇ ಬೆಂಕಿ ಇಟ್ಟರು. 1919ರಲ್ಲಿ ಜಲಿಯನ್‌ವಾಲಾಬಾಗ್ ನಡೆದಾಗ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದು, ಆ ಗುಂಡಿನ ಮಳೆಯನ್ನು ಸರಿ ಎಂದ ಮೈಕೆಲ್ ಓಡ್ವಯರ್ ಐರ್ಲೆಂಡಿನ ಟಿಪ್ಪರೆರಿಯವನು. ಬರಗಾಲದ ನೆನಪು ಅವನ ನೆಲದಲ್ಲೂ ಇತ್ತು. ಆ ನೆನಪು ಅವನನ್ನು ತಡೆಯಲಿಲ್ಲ.

ಅಂದರೆ ನೋವು ತಾನಾಗಿ ಏನನ್ನೂ ಕಲಿಸುವುದಿಲ್ಲ. ಹಸಿವು ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆ ಅಂತ ಬರೆಯುವವರು ಹಸಿದವರಲ್ಲ. ಹೊಡೆತ ತಿಂದವನು ಕಲಿಯುವ ಮೊದಲ ಪಾಠ ಹೊಡೆಯುವುದು ಹೇಗೆ ಅನ್ನುವುದೇ ಇರಬಹುದು. ಅತ್ತೆಯಿಂದ ಸುಟ್ಟುಕೊಂಡ ಸೊಸೆ ನಾಳೆ ಅತ್ತೆಯಾಗಿ ಸೌದೆ ಹಿಡಿಯುವುದನ್ನು ನಮ್ಮ ಕೇರಿಗಳಲ್ಲೇ ನೋಡಿದ್ದೇವೆ.

ಇದಕ್ಕೆ ಬಡವರ ಮನಸ್ಸು ಸಣ್ಣದು ಅಂತ ಷರಾ ಬರೆಯುವುದು ಉಳ್ಳವರಿಗೆ ಇಷ್ಟವಾದ ಕೆಲಸ. ಆದರೆ ನೋಡಿ. ನ್ಯೂಯಾರ್ಕಿನ ಬಂದರಿನಲ್ಲಿ ಐರಿಶ್ ಕೂಲಿಗಳ ಮುಷ್ಕರ ಮುರಿಯಲು ಮಾಲೀಕರು ಕರಿಯರನ್ನು ಕರೆತಂದು ನಿಲ್ಲಿಸುತ್ತಿದ್ದರು. ಕರಿಯರಿಗೆ ಬೇರೆ ಕಡೆ ಕೆಲಸ ಕೊಡುತ್ತಿರಲಿಲ್ಲ. ಒಂದು ಹಸಿವಿನ ಎದುರಿಗೆ ಇನ್ನೊಂದು ಹಸಿವನ್ನು ತಂದು ಕಟ್ಟುವುದು ಮಾಲೀಕನ ಹಳೆಯ ವಿದ್ಯೆ. 2023ರ ಅಕ್ಟೋಬರಿನ ನಂತರ ಇಸ್ರೇಲ್ ಪ್ಯಾಲೆಸ್ಟೀನಿನ ಕಟ್ಟಡ ಕೂಲಿಗಳ ಪರವಾನಗಿ ಕಿತ್ತುಕೊಂಡಿತು. 2024ರ ಜನವರಿಯಲ್ಲಿ ಆ ಜಾಗ ತುಂಬಲು ಹರಿಯಾಣದ ರೋಹ್ಟಕ್‌ನಲ್ಲಿ ನಮ್ಮ ದೇಶದ ಗಾರೆಯವರು, ಬಡಗಿಗಳು ಚಳಿಯಲ್ಲಿ ಸಾಲುಗಟ್ಟಿ ನಿಂತರು. ಬಾಂಬು ಬೀಳುವ ನೆಲಕ್ಕೆ ಹೋಗುತ್ತೀರಾ ಅಂದರೆ ಇಲ್ಲಿ ಕೆಲಸ ಎಲ್ಲಿದೆ ಅಂದರು. ಆ ಸಾಲಿನಲ್ಲಿ ನಿಂತವರನ್ನು ಬೈಯುವ ಹಕ್ಕು ನನಗಿಲ್ಲ. ಆ ಸಾಲು ಕಟ್ಟಿದವರನ್ನು ಕೇಳುವ ಹಕ್ಕು ಇದೆ.

ಹಾಗಾದರೆ ನೊಂದವರು ನೊಂದವರ ಪಕ್ಕ ನಿಂತದ್ದು ಯಾವಾಗ? ಇದಕ್ಕೂ ಉತ್ತರ ಐರ್ಲೆಂಡಿನಲ್ಲೇ ಇದೆ. 1880ರಲ್ಲಿ ಮೇಯೋ ಜಿಲ್ಲೆಯಲ್ಲಿ ಚಾರ್ಲ್ಸ್ ಬಾಯ್ಕಾಟ್ ಎಂಬ ಕ್ಯಾಪ್ಟನ್ ಇದ್ದ. ಒಬ್ಬ ದೊಡ್ಡ ಜಮೀನ್ದಾರನ ಏಜೆಂಟು. ಬೆಳೆ ಕೆಟ್ಟ ವರ್ಷ ಗೇಣಿ ಸಾಕಷ್ಟು ಇಳಿಸಿ ಅಂದ ರೈತರನ್ನು ಒಕ್ಕಲೆಬ್ಬಿಸಲು ಹೊರಟ. ಜನ ಕಲ್ಲು ಎತ್ತಲಿಲ್ಲ, ಕೈ ಕೆಳಗಿಳಿಸಿದರು. ಅವನ ಹೊಲಕ್ಕೆ ಆಳಿಲ್ಲ, ಅವನ ಮನೆಗೆ ಅಂಗಡಿಯ ಸಾಮಾನಿಲ್ಲ, ಅವನ ಬಟ್ಟೆ ಒಗೆಯುವವರಿಲ್ಲ. ಅವನ ಬೆಳೆ ಕೀಳಲು ಉತ್ತರದ ಅಲ್ಸ್ಟರ್ ಕಡೆಯಿಂದ ಐವತ್ತು ಕೂಲಿಗಳನ್ನು ತಂದರು. ಅವರ ಕಾವಲಿಗೆ ನೂರಾರು ಸೈನಿಕರು. ಬೆಳೆಯ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು ಖರ್ಚಾಯಿತು. ಆ ಡಿಸೆಂಬರಿನಲ್ಲಿ ಬಾಯ್ಕಾಟ್ ಗಂಟುಮೂಟೆ ಕಟ್ಟಿದ. ಅವನ ಹೆಸರು ಮಾತ್ರ ಪ್ರಪಂಚದ ನಿಘಂಟುಗಳಲ್ಲಿ ಉಳಿಯಿತು. ನಮ್ಮ ಹಳ್ಳಿ ಹುಡುಗರೂ ಇವತ್ತು ಬಾಯ್ಕಾಟ್ ಅನ್ನುತ್ತಾರೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಮ್ಮ ಕೇರಿಯವರಿಗೆ ಬಹಿಷ್ಕಾರ ಅಂದರೆ ಬೆನ್ನಹುರಿಯಲ್ಲಿ ಚಳಿ. ಅಂಗಡಿಯವನು ಉಪ್ಪು ಕೊಡುವುದಿಲ್ಲ, ಕ್ಷೌರದವನು ಬರುವುದಿಲ್ಲ, ಹೊಲಕ್ಕೆ ಕರೆಯುವುದಿಲ್ಲ. ನಮ್ಮದೇ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದಲಿತ ಹೆಣ್ಣುಮಕ್ಕಳು ದೇವಸ್ಥಾನದೊಳಕ್ಕೆ ಹೋದರು ಅಂತ ದಂಡ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಬಹಿಷ್ಕಾರವನ್ನು ಶಿಕ್ಷಾರ್ಹ ಅಪರಾಧ ಮಾಡಿ ಅಂತ ಅಂಬೇಡ್ಕರ್ ದುಂಡುಮೇಜಿನ ಪರಿಷತ್ತಿನ ಕಾಲದಲ್ಲೇ ಕೇಳಿದ್ದರು. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನು ಹೆಸರಿಟ್ಟು ಅಪರಾಧದ ಪಟ್ಟಿಗೆ ಸೇರಿಸಿತು. ಐರ್ಲೆಂಡಿನ ನಾಯಕ ಪಾರ್ನೆಲ್ 1880ರ ಸೆಪ್ಟೆಂಬರಿನ ಭಾಷಣದಲ್ಲಿ, ಒಕ್ಕಲೆಬ್ಬಿಸಿದವನ ಜಮೀನನ್ನು ಹಿಡಿದುಕೊಂಡವನನ್ನು ಹಳೆಯ ಕಾಲದ ಕುಷ್ಠರೋಗಿಯ ಹಾಗೆ ದೂರ ಇಡಿ ಅಂದಿದ್ದ. ಓದುವಾಗ ನನ್ನ ಮೈ ಜುಮ್ಮೆಂದಿತು. ಇದು ಅಸ್ಪೃಶ್ಯತೆಯ ಆಯುಧವೇ ಅಲ್ಲವೇ? ನಮ್ಮ ಮೇಲೆ ಬಳಸಿದ್ದನ್ನೇ ಬಡವರು ಬಳಸಿದರೆ ನ್ಯಾಯವಾಗಿಬಿಡುತ್ತದೆಯೇ?

ನನಗೆ ಹೊಳೆದ ಉತ್ತರ ಇದು. ಮೇಯೋದ ಬಹಿಷ್ಕಾರಕ್ಕೆ ಬಾಗಿಲಿತ್ತು. ಗೇಣಿ ಇಳಿಸಿದರೆ, ಕಿತ್ತುಕೊಂಡ ಜಮೀನು ಬಿಟ್ಟುಕೊಟ್ಟರೆ ಅವನು ಹೊರಗೆ ಬರಬಹುದಿತ್ತು. ನಮ್ಮ ಮೇಲಿನ ಬಹಿಷ್ಕಾರಕ್ಕೆ ಗೋಡೆ ಮಾತ್ರ, ಬಾಗಿಲಿಲ್ಲ. ಯಾಕೆಂದರೆ ಅದು ಮಾಡಿದ್ದಕ್ಕೆ ಬಿದ್ದದ್ದಲ್ಲ, ಹುಟ್ಟಿದ್ದಕ್ಕೆ ಬಿದ್ದದ್ದು. ಮೇಲಿನಿಂದ ಬೀಳುವ ಬಹಿಷ್ಕಾರ ಹಸಿದವನ ಅನ್ನ ಕಿತ್ತುಕೊಳ್ಳುತ್ತದೆ. ಕೆಳಗಿನಿಂದ ಏಳುವ ಬಹಿಷ್ಕಾರ ತನ್ನದೇ ಕೂಲಿ ಕಳೆದುಕೊಳ್ಳುತ್ತದೆ. ಯಾರ ಹೊಟ್ಟೆ ಪಣಕ್ಕಿದೆ ಅಂತ ನೋಡಿ, ಎರಡಕ್ಕೂ ಒಂದೇ ಹೆಸರು ಯಾಕೆ ಸಲ್ಲದು ಅಂತ ತಿಳಿಯುತ್ತದೆ.

ಹೀಗೆ ಇಳಿದ ಕೈ ಇನ್ನೂ ಇವೆ. 1920ರ ಜೂನಿನಲ್ಲಿ ನಮ್ಮ ಜಲಂಧರಿನ ದಂಡಿನಲ್ಲಿ ಕನಾಟ್ ರೇಂಜರ್ಸ್ ಪಡೆಯ ಐರಿಶ್ ಸೈನಿಕರು ಊರಲ್ಲಿ ಬ್ರಿಟಿಷರು ನಡೆಸುತ್ತಿದ್ದ ದಬ್ಬಾಳಿಕೆ ಕೇಳಿ ಬಂದೂಕು ಹಿಡಿಯೋದಿಲ್ಲ ಅಂದರು. ಜೇಮ್ಸ್ ಡಾಲಿ ಎಂಬ ಹುಡುಗನನ್ನು ನವೆಂಬರ್ 2ರಂದು ದಗ್ಶಾಯಿಯಲ್ಲಿ ಗುಂಡಿಟ್ಟು ಕೊಂದರು. ಅವರು ಎದ್ದದ್ದು ಐರ್ಲೆಂಡಿಗಾಗಿ, ನಮಗಾಗಿ ಅಂತ ಸುಳ್ಳು ಹೇಳಬೇಕಿಲ್ಲ. ಆದರೆ ನಮ್ಮ ನೆಲದಲ್ಲಿ ಸಾಮ್ರಾಜ್ಯದ ಒಂದಷ್ಟು ಬಂದೂಕುಗಳಾದರೂ ಅಷ್ಟು ದಿನ ಸುಮ್ಮನಾದವು.

ಇವೆಲ್ಲಕ್ಕಿಂತ ನನಗೆ ಹತ್ತಿರವಾದದ್ದು 1984ರ ಒಂದು ಅಂಗಡಿಯ ಕತೆ. ಡಬ್ಲಿನ್ನಿನ ಡನ್ಸ್ ಸ್ಟೋರ್ಸ್ ಎಂಬ ಅಂಗಡಿಯಲ್ಲಿ ಮೇರಿ ಮ್ಯಾನಿಂಗ್ ಎಂಬ 21ರ ಹುಡುಗಿ ಬಿಲ್ಲು ಹಾಕುವ ಕೆಲಸದಲ್ಲಿದ್ದಳು. ವರ್ಣಭೇದದ ದಕ್ಷಿಣ ಆಫ್ರಿಕಾದ ಸಾಮಾನು ಮುಟ್ಟಬೇಡಿ ಅಂತ ಅವಳ ಸಂಘ ಹೇಳಿತ್ತು. ಜುಲೈ 19ರಂದು ಗಿರಾಕಿಯೊಬ್ಬರು ಆ ದೇಶದ ಎರಡು ಹಣ್ಣು ತಂದಿಟ್ಟರು. ಬಿಲ್ಲು ಹಾಕೋದಿಲ್ಲ ಅಂದಳು. ಕೆಲಸದಿಂದ ಅಮಾನತು ಮಾಡಿದರು. ಅವಳ ಜೊತೆಗಾರರು ಹೊರಗೆ ಬಂದರು. ಬೆರಳೆಣಿಕೆಯ ಜನ, ಹೆಚ್ಚಿನವರು ಹೆಂಗಸರು. ಮಳೆ, ಚಳಿ, ಬೈಗುಳದಲ್ಲಿ ಎರಡೂವರೆ ವರ್ಷಕ್ಕೂ ಮೀರಿ ಬೀದಿಯಲ್ಲಿ ನಿಂತರು. ಕೊನೆಗೆ 1987ರಲ್ಲಿ ಐರ್ಲೆಂಡ್ ಸರ್ಕಾರ ದಕ್ಷಿಣ ಆಫ್ರಿಕಾದ ಹಣ್ಣು ತರಕಾರಿಯನ್ನು ನಿಷೇಧಿಸಿತು.

ಈ ಕತೆಯ ಗುಟ್ಟು ಬೇರೆ ಇದೆ. ಮೊದಲ ದಿನ ಆ ಹುಡುಗಿಯರಿಗೆ ದಕ್ಷಿಣ ಆಫ್ರಿಕಾದ ಬಗ್ಗೆ ಏನೂ ಗೊತ್ತಿರಲಿಲ್ಲ. ಸಂಘ ಹೇಳಿತು, ಮುಟ್ಟಲಿಲ್ಲ, ಅಷ್ಟೆ. ಅಲ್ಲಿಂದ ದೇಶಭ್ರಷ್ಟನಾಗಿ ಬಂದಿದ್ದ ನಿಮ್ರಾಡ್ ಸೆಜಾಕೆ ಎಂಬ ಕರಿಯ ಕಾರ್ಮಿಕ ನಾಯಕ ದಿನಾ ಬಂದು ಅವರ ಜೊತೆ ಬೀದಿಯಲ್ಲಿ ನಿಂತ. ಅಲ್ಲಿನ ಬದುಕು ಏನು ಅಂತ ಹೇಳಿದ. ಮೊದಲು ಕೈ ನಿಂತಿತು, ಆಮೇಲೆ ಎದೆ ಕಲಿಯಿತು. ನಾವು ಉಲ್ಟಾ ಅಂದುಕೊಂಡಿದ್ದೇವೆ. ಮೊದಲು ಮನಸ್ಸು ಕರಗಬೇಕು, ಆಮೇಲೆ ಕೈ ಏಳಬೇಕು ಅಂತ ಕಾಯುತ್ತೇವೆ. ಕರಗಿದ ಮನಸ್ಸು ಎಷ್ಟೋ ಸಲ ಅಲ್ಲೇ ಹೆಪ್ಪುಗಟ್ಟುತ್ತದೆ.

ಈಗ ಪ್ಯಾಟ್ರಿಕ್‌ನ ಪತ್ರ. ಕೊರೊಟಿಕಸ್ ಬ್ರಿಟನ್ನಿನ ಕಡೆಯವನು. ಕ್ರೈಸ್ತ ಅಂತ ಹೇಳಿಕೊಳ್ಳುವವನು. ಪ್ಯಾಟ್ರಿಕ್‌ನ ಹುಟ್ಟೂರಿನ ಮಂದಿಗೆ ಅವನು ನಮ್ಮವನು. ಅವನ ಸೈನಿಕರು ಐರ್ಲೆಂಡಿನ ಮೇಲೆ ಬಿದ್ದು, ಆಗತಾನೇ ದೀಕ್ಷೆ ಪಡೆದ ಜನರನ್ನು ಕೊಂದರು. ಉಳಿದವರನ್ನು ಹಿಡಿದು ಮಾರಿದರು. ಪ್ಯಾಟ್ರಿಕ್ ಪತ್ರ ಬರೆದದ್ದು ಯಾರ ವಿರುದ್ಧ? ತನ್ನ ಕಡೆಯವರ ವಿರುದ್ಧ. ಯಾರ ಪರ? ತನ್ನನ್ನು ಒಂದು ಕಾಲಕ್ಕೆ ಆಳು ಮಾಡಿಕೊಂಡಿದ್ದ ಜನರ ಮಕ್ಕಳ ಪರ. ನನ್ನನ್ನು ಹಿಡಿದುಕೊಂಡು ಹೋದವರಲ್ಲವೇ, ಅನುಭವಿಸಲಿ ಅಂತ ಅವನು ಸುಮ್ಮನಿರಬಹುದಿತ್ತು. ಲೋಕ ತಪ್ಪು ತಿಳಿಯುತ್ತಿರಲಿಲ್ಲ. ಅವನು ಆ ಸೈನಿಕರನ್ನು ಬಹಿಷ್ಕರಿಸಿದ. ಅವರ ಜೊತೆ ಉಣ್ಣಬೇಡಿ, ಅವರ ದಾನ ಮುಟ್ಟಬೇಡಿ ಅಂದ. ಸೆರೆಯವರನ್ನು ಬಿಡುವತನಕ ಅಂತ ಸೇರಿಸಿದ. ಅಲ್ಲೂ ಬಾಗಿಲಿತ್ತು.

ಅವನಿಗೂ ಮಿತಿ ಇತ್ತು. ದೀಕ್ಷೆ ಪಡೆದವರಿಗಾಗಿ ಅವನ ಕಣ್ಣೀರು ಹೆಚ್ಚು ಹರಿಯಿತು. ದೀಕ್ಷೆ ಪಡೆಯದ ಆಳುಗಳ ಗತಿಯೇನು ಅಂತ ನಾನು ಕೇಳುತ್ತೇನೆ, ಕ್ರೈಸ್ತರಾದರೂ ಚರ್ಚಿನ ಹಿಂದಿನ ಸಾಲಿನಲ್ಲಿ ಕೂರಿಸಿಕೊಂಡ ನಮ್ಮವರೂ ಕೇಳುತ್ತಾರೆ. ಆದರೂ ಒಂದು ಮಾತು ಒಪ್ಪಬೇಕು. ಆಳಾಗಿದ್ದವನು ಒಡೆಯನ ಪೈಕಿ ಸೇರಿಕೊಳ್ಳದೆ ಆಳಿನ ಪೈಕಿಯೇ ನಿಂತ. ಆ ಪೈಕಿ ಯಾವ ಕುಲದ್ದು ಅಂತ ನೋಡಲಿಲ್ಲ.

ಈ ಅಳತೆಗೋಲು ಹಿಡಿದು ಇತ್ತೀಚಿನ ಹಬ್ಬಗಳನ್ನು ಅಳೆಯಿರಿ. 2024ರ ಮಾರ್ಚ್ 17ರಂದು ಶ್ವೇತಭವನದಲ್ಲಿ ಅಂದಿನ ಪ್ರಧಾನಿ ಲಿಯೋ ವರಾಡ್ಕರ್ ಸೊಪ್ಪಿನ ಬಟ್ಟಲಿನ ಜೊತೆಗೆ ಒಂದು ಮಾತನ್ನೂ ತಂದಿದ್ದರು. ಪ್ಯಾಲೆಸ್ಟೀನಿಯರ ಕಣ್ಣಲ್ಲಿ ನಮಗೆ ನಮ್ಮ ಚರಿತ್ರೆ ಕಾಣುತ್ತದೆ ಅನ್ನುವ ಅರ್ಥದ ಮಾತು. ಬಾಂಬು ಕೊಡುವವನ ಮನೆಯಲ್ಲೇ ನಿಂತು ಆಡಿದ್ದು ಸಣ್ಣದಲ್ಲ. ಆ ಮೇ 28ಕ್ಕೆ ಐರ್ಲೆಂಡ್ ಪ್ಯಾಲೆಸ್ಟೀನನ್ನು ದೇಶವೆಂದು ಮಾನ್ಯ ಮಾಡಿತು. ಆದರೆ ಇಸ್ರೇಲ್ ಆಕ್ರಮಿಸಿದ ನೆಲದ ಸಾಮಾನು ಬೇಡ ಅನ್ನುವ ಮಸೂದೆ 2018ರಲ್ಲಿ ಅವರ ಸಂಸತ್ತಿಗೆ ಬಂದದ್ದು 2025ರಲ್ಲೂ ಎಳೆದಾಟದಲ್ಲೇ ಇತ್ತು. ಮಾತು ಹಡಗು ಹತ್ತಿತ್ತು, ಕೈ ದಡದಲ್ಲಿತ್ತು. 2025ರ ಹಬ್ಬದ ಮಾರನೇ ದಿನ, ಮಾರ್ಚ್ 18ರ ನಸುಕಿನಲ್ಲಿ, ಕದನವಿರಾಮ ಮುರಿದು ಗಾಜಾದ ಮೇಲೆ ಮತ್ತೆ ಬಾಂಬು ಬಿತ್ತು. ಒಂದೇ ದಿನಕ್ಕೆ ನಾನೂರಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷದ ಬೇಸಿಗೆಯಲ್ಲಿ ಡಬ್ಲಿನ್ನಿನ ಬೀದಿಗಳಲ್ಲಿ ನಮ್ಮ ದೇಶದವರಿಗೆ ಹೊಡೆತ ಬಿತ್ತು. ಎಚ್ಚರದಿಂದಿರಿ ಅಂತ ಆಗಸ್ಟ್ 1ರಂದು ಭಾರತದ ರಾಯಭಾರ ಕಚೇರಿ ಹೇಳಬೇಕಾಯಿತು. ಬರಗಾಲದಲ್ಲಿ ಹಡಗು ಹತ್ತಿದವರ ಮರಿಮಕ್ಕಳ ಊರಿನಲ್ಲಿ, ವಿಮಾನ ಇಳಿದು ಬಂದವರಿಗೆ ಊರು ಬಿಡಿ ಅನ್ನುವ ಬೈಗುಳ.

ಐರ್ಲೆಂಡನ್ನು ಬೈದು ಮುಗಿಸುವುದು ಸುಲಭ. ನಮ್ಮ ಲೈನಿಗೆ ಬನ್ನಿ.

ನಮ್ಮ ತೋಟಗಳಿಗೆ ಈಗ ಅಸ್ಸಾಮಿನಿಂದ, ಬಂಗಾಳದಿಂದ ಜನ ಬರುತ್ತಾರೆ. ಮೂರು ಹಗಲು ರೈಲಿನಲ್ಲಿ ಕೂತು, ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಏಜೆಂಟನಿಗೆ ಮುಂಗಡದ ಸಾಲ. ಆ ಸಾಲ ತೀರುವತನಕ ತೋಟ ಬಿಡುವ ಹಾಗಿಲ್ಲ. ಇದರ ಹೆಸರೇನು ಗೆಳೆಯರೇ? 1976ರಲ್ಲಿ ಕಾಗದದ ಮೇಲೆ ಸತ್ತದ್ದು ಇದೇ ಅಲ್ಲವೇ? ಆದರೆ ನಮ್ಮವರ ಬಾಯಲ್ಲಿ ಬರುವುದು ಬೇರೆ ಮಾತು. "ಇವ್ರು ಬಂದು ನಮ್ ಕೂಲಿ ಮುರುದ್ರು." "ಇವ್ರು ಬಾಂಗ್ಲಾದೋರು ಕಣ್ರಿ, ಕಾರ್ಡ್ ನೋಡ್ಬೇಕು." ಕರಟದಲ್ಲಿ ಕಾಫಿ ಕುಡಿದವರ ಮೊಮ್ಮಕ್ಕಳು ನಮ್ಮ ಲೈನಿನಲ್ಲೇ ಅವರಿಗೆಂದು ಬೇರೆ ಲೋಟ ಎತ್ತಿಟ್ಟಿದ್ದನ್ನು ನಾನು ನೋಡಿದ್ದೇನೆ. ಆ ಲೋಟದ ಮುಂದೆ ನನ್ನ ಎಲ್ಲ ಬಂಡಾಯದ ಪದ್ಯಗಳೂ ಬಾಯಿ ಮುಚ್ಚಿಕೊಳ್ಳಬೇಕು.

ಹೋದ ಕುಯ್ಲಿನಲ್ಲಿ ಕೊನೇ ಮನೆಯ ಹೆಂಗಸಿಗೆ ಹೆರಿಗೆಯಾಯ್ತು. ನಮ್ಮವ್ವ ಸಂಜೆ ಗಂಜಿ ತಗೊಂಡು ಹೋದಳು. ಪಕ್ಕದ ಮನೆಯ ಚಿಕ್ಕವ್ವ ಕೇಳಿದಳು, "ಅವ್ಳೇನಾಗ್ಬೇಕಕ್ಕ ನಿಂಗೆ?" ಅವ್ವ ನಡೆಯುತ್ತಲೇ ಹೇಳಿದಳು, "ಏನೂ ಆಗ್ಬೇಕಿಲ್ಲ. ಬಾಣಂತಿ."

ಇಷ್ಟು ಚೆಂದದ ಉತ್ತರವನ್ನು ನಾನು ಪುಸ್ತಕಗಳಲ್ಲಿ ಓದಿಲ್ಲ. ಆದರೆ ಅವ್ವನ ಗಂಜಿಯೊಂದರಿಂದಲೇ ಲೋಕ ತಿರುಗುತ್ತದೆ ಅಂತ ಬರೆದರೆ ನಾನೂ ಹಬ್ಬದ ಹಸಿರು ಬಿಯರು ಹಂಚಿದ ಹಾಗಾಗುತ್ತದೆ. ಗಂಜಿ ಒಂದು ರಾತ್ರಿಗೆ. ಬೆಳಿಗ್ಗೆ ಮತ್ತೆ ತಕ್ಕಡಿ ಇದೆ, ರೈಟರ ಪುಸ್ತಕ ಇದೆ. ಭಾಷೆ ಬಾರದವರ ಚೀಲದ ತೂಕ ಕಡಿಮೆ ಬರೆದರೆ ಕೇಳುವವರಿಲ್ಲ. ಅವರಿಗೆ ಕಡಿಮೆ ಕೊಟ್ಟದ್ದನ್ನು ತೋರಿಸಿಯೇ ನಾಳೆ ನಮಗೂ ಕಡಿಮೆ ಮಾಡುತ್ತಾರೆ. ಕೂಲಿ ಮುರಿಯುವವರು ಅವರಲ್ಲ. ಅವರ ಹಸಿವನ್ನು ಸುತ್ತಿಗೆ ಮಾಡಿಕೊಂಡು ನಮ್ಮ ಕೂಲಿ ಮುರಿಯುವವರು ಬೇರೆ ಇದ್ದಾರೆ.

ಮಾರ್ಚ್ 17 ಕಳೆದು ನಾಲ್ಕು ವಾರಕ್ಕೆ ಏಪ್ರಿಲ್ 14 ಬರುತ್ತದೆ. ಸಂತ ಪ್ಯಾಟ್ರಿಕ್‌ನ ಬಣ್ಣವೂ ಹಿಂದೆ ಒಂದು ಕಾಲಕ್ಕೆ ನೀಲಿಯಾಗಿತ್ತಂತೆ, ಆಮೇಲೆ ಹಸಿರಾಯಿತು. ಬಣ್ಣ ಬದಲಾಗುವುದು ದೊಡ್ಡದಲ್ಲ. ಜೀತದಾಳಿನ ಹಬ್ಬ ಜೀತವನ್ನೇ ಮರೆಸುವ ಹಬ್ಬವಾದದ್ದು ದೊಡ್ಡದು. ನಮ್ಮ ನೀಲಿ ಶಾಲಿಗೂ, ಡೀಜೆ ಕಟ್ಟಿದ ಟ್ರ್ಯಾಕ್ಟರಿಗೂ ಆ ಗತಿ ಬರಬಾರದು. ಬಾಬಾಸಾಹೇಬರ ಫೋಟೋದ ಮುಂದೆ ನಿಲ್ಲುವಾಗ ಕೊನೇ ಮನೆಯವರನ್ನು ಕರೆದಿದ್ದೀವಾ ಅಂತ ಕೇಳಿಕೊಳ್ಳಬೇಕು. ಕರೆದರೆ ಸಾಲದು, ಒಂದೇ ಲೋಟ. ಒಂದೇ ಲೋಟ ಸಾಲದು, ಒಂದೇ ಕೂಲಿ.

ಅವರು ನಮಗೆ ಏನೂ ಆಗಬೇಕಿಲ್ಲ. ನಮ್ಮ ಜಾತಿ ಆಗಬೇಕಿಲ್ಲ, ನಮ್ಮ ಮಾತು ಆಡಬೇಕಿಲ್ಲ, ನಮ್ಮ ಹಾಗೆಯೇ ನೊಂದಿರಬೇಕು ಅಂತಲೂ ಇಲ್ಲ. ಅವರ ತೂಕದಲ್ಲಿ ಮೋಸವಾದ ಸಂಜೆ ನಮ್ಮ ಚೀಲಗಳೂ ತಕ್ಕಡಿ ಹತ್ತದೆ ಕೆಳಗೇ ಇರಬೇಕು. ಅಷ್ಟು ಮಾಡಿದ ದಿನ, ಏನಾಗಬೇಕು ಅಂತ ಕೇಳುವವರಿಗೆ ಲೈನಿನ ಎಲ್ಲರ ಬಾಯಲ್ಲೂ ಒಂದೇ ಉತ್ತರ ಇರುತ್ತದೆ.